ಮಾನಿಟರ್‌ ಆಡಿಯೋದಲ್ಲಿ ಗುಂಯ್, ಸುಸ್ಸ್, ಚರಚರ: ಮೂಲ ಹುಡುಕಿ ನಿಲ್ಲಿಸುವ ಬಗೆ

ಮಾನಿಟರ್‌ನ ಹಿಂದಿರುವ ಹೆಡ್‌ಫೋನ್ ಜ್ಯಾಕ್‌ಗೆ ಸ್ಪೀಕರ್ ಸಿಕ್ಕಿಸಿದ ಕೂಡಲೇ ಗುಂಯ್ ಅನ್ನತೊಡಗಿದರೆ, ಹೆಚ್ಚಿನವರು ಮೊದಲು ಓಡುವುದು ಹೊಸ ಎಚ್‌ಡಿಎಂಐ ಕೇಬಲ್ ತರಲು. ಆ ದುಡ್ಡು ದಂಡ. ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಎರಡರಲ್ಲೂ ಧ್ವನಿ ಡಿಜಿಟಲ್ ರೂಪದಲ್ಲೇ ಸಾಗುತ್ತದೆ. ಕೇಬಲ್ ಕೆಟ್ಟಿದ್ದರೆ ಧ್ವನಿ ತುಂಡು ತುಂಡಾಗುತ್ತದೆ, ಪರದೆ ಮಿನುಗುತ್ತದೆ, ಇಲ್ಲವೇ ಎರಡೂ ಪೂರ್ತಿ ನಿಂತುಹೋಗುತ್ತವೆ. ಹಿಂದುಗಡೆ ಒಂದೇ ಸಮನೆ ಗುಂಯ್‌ಗುಡುವುದು ಅದರ ಲಕ್ಷಣವಲ್ಲ. ಮಾನಿಟರ್ ಒಳಗಿನ ಚಿಪ್ ಆ ಡಿಜಿಟಲ್ ಸಿಗ್ನಲ್ಲನ್ನು ಅನಲಾಗ್ ಧ್ವನಿಯಾಗಿ ಬದಲಿಸಿದ ನಂತರವೇ ಇಂಥ ಸದ್ದು ಸೇರಿಕೊಳ್ಳುವುದು. ಹಾಗಾಗಿ ನೋಡಬೇಕಾದದ್ದು ಅಲ್ಲಿಂದ ಸ್ಪೀಕರ್‌ವರೆಗಿನ ದಾರಿಯನ್ನು, ಅದಕ್ಕಿಂತ ಹೆಚ್ಚಾಗಿ ಇವೆಲ್ಲಕ್ಕೂ ಕರೆಂಟ್ ಕೊಡುವ ಬೋರ್ಡಿನ ಅರ್ಥಿಂಗನ್ನು.

ಮೊದಲು ಕಿವಿಗೊಟ್ಟು ಕೇಳಿ

ಹಾಡು ನಿಲ್ಲಿಸಿ, ಕೋಣೆ ನಿಶ್ಶಬ್ದವಾಗಿರುವಾಗ ಸ್ಪೀಕರ್ ಹತ್ತಿರ ಕಿವಿ ಇಡಿ. ಸದ್ದಿನ ಬಗೆಯೇ ಅರ್ಧ ಉತ್ತರ ಹೇಳುತ್ತದೆ.

ತಗ್ಗಿದ, ದಪ್ಪನೆಯ ಗುಂಯ್ ಅಂದರೆ ನಮ್ಮ ಮನೆ ಕರೆಂಟಿನ 50 ಹರ್ಟ್ಜ್ ಅಥವಾ ಅದರ ಇಮ್ಮಡಿ 100 ಹರ್ಟ್ಜ್. ಇದು ಅರ್ಥಿಂಗ್ ತಕರಾರು. ಮಳೆ ಸುರಿದ ಹಾಗೆ ಒಂದೇ ಸಮನೆ ಸುಸ್ಸ್ ಅನ್ನುತ್ತಿದ್ದರೆ ಅದು ಆಂಪ್ಲಿಫೈಯರ್‌ನ ಸ್ವಂತ ಸದ್ದು. ತೆಳ್ಳಗೆ ಕುಯ್ಯ್ ಎಂದು ಕೇಳಿ, ಮೌಸ್ ಅಲ್ಲಾಡಿಸಿದಾಗ ಅಥವಾ ಬಿಳಿ ಪುಟ ಸ್ಕ್ರೋಲ್ ಮಾಡಿದಾಗ ಅದರ ಸ್ವರ ಬದಲಾದರೆ, ಕಂಪ್ಯೂಟರ್ ಇಲ್ಲವೇ ಪರದೆ ಎಳೆದುಕೊಳ್ಳುವ ಕರೆಂಟು ಆಡಿಯೋದ ಗ್ರೌಂಡಿನಲ್ಲಿ ಬೆರೆಯುತ್ತಿದೆ. ಹಾಡು ಬರುತ್ತಿರುವಾಗ ಮಾತ್ರ ಚರಚರ ಅಂದರೆ ಸಾಫ್ಟ್‌ವೇರ್ ಅಥವಾ ಡ್ರೈವರ್ ಕಡೆ ನೋಡಿ. ಟರ್ರ್ ಟಟ್ ಟಟ್ ಎಂದು ಬಿಟ್ಟು ಬಿಟ್ಟು ಬಡಿದರೆ ಪಕ್ಕದಲ್ಲಿಟ್ಟ ಮೊಬೈಲ್ ಕಾರಣ. 2ಜಿ ನೆಟ್‌ವರ್ಕ್‌ಗೆ ಇಳಿದ ಫೋನು ಇದನ್ನು ಹೆಚ್ಚು ಮಾಡುತ್ತದೆ. ಒಂದು ಮೀಟರ್ ದೂರ ಇಟ್ಟರೆ ಮುಗಿಯಿತು.

ಈಗ ಒಂದೊಂದಾಗಿ ಬಿಡಿಸಿ ನೋಡಿ. ವಿಂಡೋಸ್‌ನಲ್ಲಿ ಧ್ವನಿಯನ್ನು ಮ್ಯೂಟ್ ಮಾಡಿ. ಸದ್ದು ಹಾಗೇ ಇದ್ದರೆ ಕಂಪ್ಯೂಟರ್ ಕಳಿಸುತ್ತಿರುವ ಆಡಿಯೋದಲ್ಲಿ ದೋಷ ಇಲ್ಲ. ಮಾನಿಟರ್‌ನ ಮೆನುವಿನಲ್ಲಿ ವಾಲ್ಯೂಮ್ ಸೊನ್ನೆಗೆ ಇಳಿಸಿ. ಆಗಲೂ ಕೇಳಿಸಿದರೆ ಅದು ಮಾನಿಟರ್‌ನ ವಾಲ್ಯೂಮ್ ಹಂತ ದಾಟಿದ ಮೇಲೆ ಸೇರುತ್ತಿದೆ. ಸ್ಪೀಕರ್‌ನ ಪಿನ್ ಕಿತ್ತು ಅದೇ ಜ್ಯಾಕ್‌ಗೆ ಸಾದಾ ಇಯರ್‌ಫೋನ್ ಹಾಕಿ. ಇಯರ್‌ಫೋನ್‌ನಲ್ಲಿ ಸದ್ದಿಲ್ಲ, ಪವರ್ ಇರುವ ಸ್ಪೀಕರ್‌ನಲ್ಲಿ ಮಾತ್ರ ಇದೆ ಅಂದರೆ ಅರ್ಥಿಂಗ್ ಲೂಪ್, ಅಂದರೆ ಅರ್ಥಿಂಗ್ ಎರಡು ದಾರಿಯಲ್ಲಿ ಸುತ್ತುಹಾಕುವುದು, ಬಹುಮಟ್ಟಿಗೆ ಖಚಿತ. ಲ್ಯಾಪ್‌ಟಾಪ್ ಆದರೆ ಇನ್ನೂ ಸುಲಭ: ಚಾರ್ಜರ್ ಕಿತ್ತುಹಾಕಿ ಬ್ಯಾಟರಿಯಲ್ಲಿ ನಡೆಸಿ. ಸದ್ದು ತಟ್ಟನೆ ನಿಂತರೆ ಕಳ್ಳ ಸಿಕ್ಕಂತೆಯೇ.

ಒಂದು ಸಣ್ಣ ವಿಷಯ ಇಲ್ಲೇ ನೋಡಿಕೊಳ್ಳಿ. ಕೆಲವು ಮಾನಿಟರ್‌ಗಳಲ್ಲಿ ಎರಡು 3.5 ಎಂಎಂ ಜ್ಯಾಕ್ ಇರುತ್ತವೆ, ಒಂದು ಆಡಿಯೋ ಇನ್, ಇನ್ನೊಂದು ಹೆಡ್‌ಫೋನ್. ಮೆನುವಿನಲ್ಲಿ ಆಡಿಯೋ ಸೋರ್ಸ್ ಆ ಆಡಿಯೋ ಇನ್‌ಗೆ ನಿಂತಿದ್ದು ಅದಕ್ಕೆ ಏನೂ ಸಿಕ್ಕಿಸಿಲ್ಲದಿದ್ದರೆ, ಖಾಲಿ ಜ್ಯಾಕ್ ಆಂಟೆನಾದಂತೆ ಸುತ್ತಲಿನ ಗದ್ದಲವನ್ನೆಲ್ಲ ಎಳೆದುಕೊಳ್ಳುತ್ತದೆ. ಸೋರ್ಸನ್ನು ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್‌ಗೆ ಬದಲಿಸಿ.

ಗುಂಯ್ ಸದ್ದು: ಅರ್ಥಿಂಗ್

ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಈ ಸದ್ದಿನ ಬೇರು ಎರಡು ಬಗೆ. ಒಂದು, ಅರ್ಥಿಂಗ್ ಎರಡು ದಾರಿಯಲ್ಲಿ ಇರುವುದು. ಇನ್ನೊಂದು, ಅರ್ಥಿಂಗೇ ಇಲ್ಲದಿರುವುದು. ಎರಡಕ್ಕೂ ಮದ್ದು ಬೇರೆ, ಅದಕ್ಕೇ ಮೊದಲು ಯಾವುದೆಂದು ತಿಳಿಯಬೇಕು.

ಎರಡು ದಾರಿಯ ಕಥೆ ಹೀಗೆ. ಕಂಪ್ಯೂಟರ್ ಒಂದು ಗೋಡೆಯ ಸಾಕೆಟ್‌ನಲ್ಲಿ, ಸ್ಪೀಕರ್ ಇನ್ನೊಂದು ಗೋಡೆಯದರಲ್ಲಿ. ಎರಡರ ಅರ್ಥ್ ವೈರ್‌ಗಳ ನಡುವೆ ಚೂರು ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಆಡಿಯೋ ಕೇಬಲ್ ಆ ಎರಡನ್ನೂ ಜೋಡಿಸಿದ ಕೂಡಲೇ ಕೇಬಲ್‌ನ ಹೊರಜಾಲರಿಯಲ್ಲಿ ಕರೆಂಟ್ ಹರಿಯುತ್ತದೆ, ಸ್ಪೀಕರ್ ಅದನ್ನೂ ಹಾಡೆಂದೇ ತಿಳಿದು ದೊಡ್ಡದು ಮಾಡುತ್ತದೆ. ಮಾನಿಟರ್, ಕಂಪ್ಯೂಟರ್ ಅಥವಾ ಚಾರ್ಜರ್, ಸ್ಪೀಕರ್ ಮೂರನ್ನೂ ಒಂದೇ ಮೂರು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ತನ್ನಿ. ಲ್ಯಾಪ್‌ಟಾಪ್ ಚಾರ್ಜರ್ 65 ವ್ಯಾಟ್, ಮಾನಿಟರ್ ಸುಮಾರು 25ರಿಂದ 30, ಮೇಜಿನ ಸ್ಪೀಕರ್ 20ರಿಂದ 40. ಎಲ್ಲ ಕೂಡಿಸಿದರೂ 150 ವ್ಯಾಟ್ ಆಗುವುದಿಲ್ಲ, 6 ಆಂಪಿಯರ್ ಬೋರ್ಡ್ ಧಾರಾಳ ಸಾಕು.

ಇಷ್ಟಾದರೂ ನಿಲ್ಲದಿದ್ದರೆ ಕೇಬಲ್ ಟಿವಿ ತಂತಿಯನ್ನು ಅನುಮಾನಿಸಿ. ಸೆಟ್‌ಟಾಪ್ ಬಾಕ್ಸನ್ನು ಅದೇ ಮಾನಿಟರ್‌ಗೆ ಜೋಡಿಸಿ ಟಿವಿಯೂ ನೋಡುವ ಮನೆಗಳಲ್ಲಿ, ಕಂಬದಿಂದ ಕಂಬಕ್ಕೆ ಹಾಯ್ದು ಬರುವ ಆ ಕೋಆಕ್ಸಿಯಲ್ ತಂತಿಯ ಜಾಲರಿ ಎಲ್ಲೋ ದೂರದ ಅರ್ಥನ್ನು ಹೊತ್ತು ತರುತ್ತದೆ. ಅದನ್ನು ಬಾಕ್ಸ್‌ನಿಂದ ತಿರುಗಿಸಿ ಬಿಚ್ಚಿ. ಗುಂಯ್ ನಿಂತರೆ ತಂತಿಗೂ ಬಾಕ್ಸ್‌ಗೂ ನಡುವೆ, ಅರ್ಥ್ ದಾಟದಂತೆ ತಡೆಯುವ ಕೋಆಕ್ಸಿಯಲ್ ಐಸೊಲೇಟರ್ ಹಾಕಿಸಿ. ಮಾಮೂಲಿ ಲ್ಯಾನ್ ಕೇಬಲ್‌ಗೆ ಈ ದೋಷ ಅಂಟುವುದಿಲ್ಲ, ಅದರ ಪೋರ್ಟ್‌ನಲ್ಲೇ ಟ್ರಾನ್ಸ್‌ಫಾರ್ಮರ್ ಇರುತ್ತದೆ.

ಅರ್ಥಿಂಗೇ ಇಲ್ಲದ ಮನೆಯ ಗುರುತು ಬೇರೆ. ಕಂಪ್ಯೂಟರ್ ಕ್ಯಾಬಿನೆಟ್‌ನ ಲೋಹದ ಭಾಗ ಮುಟ್ಟಿದಾಗ ಕೈ ಸಣ್ಣಗೆ ಜುಮ್ ಅನ್ನುತ್ತದೆ, ನಿಯಾನ್ ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತದೆ, ಮುಟ್ಟಿದ ಕ್ಷಣ ಸ್ಪೀಕರ್‌ನ ಸದ್ದು ಏರುತ್ತದೆ ಅಥವಾ ಇಳಿಯುತ್ತದೆ. ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಒಂದಿಷ್ಟು ಕರೆಂಟನ್ನು ಅರ್ಥ್‌ಗೆ ಸೋರಿಸುವಂತೆಯೇ ಮಾಡಿರುತ್ತಾರೆ. ಹೋಗಲು ಅರ್ಥ್ ಇಲ್ಲದಾಗ ಅದು ಆಡಿಯೋ ಕೇಬಲ್ ಹಿಡಿದು ಹೊರಡುತ್ತದೆ. ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ಹಳೆಯ ಮನೆಗಳಲ್ಲಿ ಸಾಕೆಟ್‌ನ ಮೇಲಿನ ದಪ್ಪ ತೂತಿಗೆ ಹಿಂದುಗಡೆ ವೈರೇ ಇಲ್ಲದಿರುವುದು ಅಪರೂಪವಲ್ಲ.

ಮಲ್ಟಿಮೀಟರ್ ಬಳಸಿ ಅಭ್ಯಾಸ ಇದ್ದರೆ ಎಸಿ 600 ಅಥವಾ 750 ವೋಲ್ಟ್‌ಗೆ ಇಟ್ಟು, ಒಣಗಿದ ಕೈಯಲ್ಲಿ, ಚಪ್ಪಲಿ ಹಾಕಿಕೊಂಡು ಅಳೆಯಿರಿ. ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಫೇಸ್‌ನಿಂದ ನ್ಯೂಟ್ರಲ್‌ಗೆ 230ರ ಆಸುಪಾಸು ಬರಬೇಕು. ಫೇಸ್‌ನಿಂದ ಅರ್ಥ್‌ಗೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್‌ನಿಂದ ಅರ್ಥ್‌ಗೆ ಎರಡು ಮೂರು ವೋಲ್ಟ್ ಒಳಗೆ. ಫೇಸ್‌ನಿಂದ ಅರ್ಥ್‌ಗೆ 60, 90, 120 ಎಂದು ಅಂಕಿ ನಿಲ್ಲದೆ ಅಲೆದಾಡಿದರೆ ಅರ್ಥ್ ವೈರ್ ಎಲ್ಲಿಗೂ ತಲುಪಿಲ್ಲ.

ಇಲ್ಲೊಂದು ಅಪಾಯದ ಅಡ್ಡದಾರಿ ಇದೆ. ಅರ್ಥಿಂಗ್ ಮಾಡಿಸಿ ಅಂದರೆ ಕೆಲವರು ಸಾಕೆಟ್ ಒಳಗೇ ನ್ಯೂಟ್ರಲ್‌ಗೂ ಅರ್ಥ್ ಪಿನ್ನಿಗೂ ಒಂದು ತುಂಡು ವೈರ್ ಹಾಕಿ ಹೋಗುತ್ತಾರೆ. ಮೀಟರ್‌ನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಕ್ಯಾಬಿನೆಟ್‌ಗೆ ಪೂರ್ತಿ 230 ವೋಲ್ಟ್ ಬಂದು ಕೂರುತ್ತದೆ. ಪತ್ತೆ ಮಾಡಲು ಅದೇ ಸ್ವಿಚ್‌ಬೋರ್ಡ್‌ನ ಪಕ್ಕದ ಸಾಕೆಟ್‌ನಲ್ಲಿ 1000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆ ಹಚ್ಚಿ ನ್ಯೂಟ್ರಲ್, ಅರ್ಥ್ ನಡುವೆ ಅಳೆಯಿರಿ. ನಿಜವಾದ ಅರ್ಥಿಂಗ್ ಆದರೆ ಇಸ್ತ್ರಿ ಪೆಟ್ಟಿಗೆ ಎಳೆಯುವ ಕರೆಂಟಿಗೆ ಅಂಕಿ ಚೂರಾದರೂ ಏರಬೇಕು. ಸೊನ್ನೆಯಲ್ಲೇ ಅಂಟಿಕೊಂಡಿದ್ದರೆ ಆ ಸಾಕೆಟ್ ಬಿಚ್ಚಿಸಿ ನೋಡಿ.

ವೈರಿಂಗ್ ಸರಿ ಇದ್ದೂ ಬೇಸಿಗೆಯಲ್ಲಿ ಮಾತ್ರ ಗುಂಯ್ ಜಾಸ್ತಿಯಾದರೆ ಅರ್ಥ್ ಗುಂಡಿ ಒಣಗಿದೆ ಎಂದೇ ತಿಳಿಯಿರಿ. ಚಿತ್ರದುರ್ಗದ್ದು ಬಂಡೆಯ ನೆಲ, ಮಳೆಯೂ ಕಡಿಮೆ. ಕೋಟೆಯ ಸುತ್ತಮುತ್ತ ಹಲವು ಕಡೆ ಮೇಲಿನ ಮಣ್ಣು ತೆಗೆದರೆ ಕಲ್ಲೇ. ಅರ್ಥಿಂಗ್‌ಗೆ ಹಾಕುವ 2.5 ಮೀಟರ್ ಜಿಐ ಪೈಪ್ ಅಂಥ ಕಡೆ ಪೂರ್ತಿ ಇಳಿಯುವುದೇ ಇಲ್ಲ, ಅರ್ಧಕ್ಕೆ ನಿಲ್ಲಿಸಿ ಮುಚ್ಚಿದ ಗುಂಡಿ ಮಾರ್ಚ್ ಹೊತ್ತಿಗೆ ಕೆಲಸ ಬಿಡುತ್ತದೆ. ಬಚ್ಚಲ ನೀರು ಹರಿಯುವ ಕಡೆ, ಮಣ್ಣು ಆಳ ಇರುವಲ್ಲಿ ಗುಂಡಿ ತೆಗೆಸುವುದು ಇಲ್ಲಿ ಬುದ್ಧಿವಂತಿಕೆ. ದಾವಣಗೆರೆ ಕಡೆಯ ಎರೆಭೂಮಿಯಲ್ಲಿ ಪೈಪ್ ಸಲೀಸಾಗಿ ಇಳಿಯುತ್ತದೆ, ಆದರೆ ಬೇಸಿಗೆಯಲ್ಲಿ ಮಣ್ಣು ಬಿರುಕುಬಿಟ್ಟು ಪೈಪ್‌ನಿಂದ ದೂರ ಸರಿಯುತ್ತದೆ. ಪೈಪ್ ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿಸಿ, ಬಿಸಿಲ ತಿಂಗಳುಗಳಲ್ಲಿ ವಾರಕ್ಕೆ ಒಂದೆರಡು ಬಿಂದಿಗೆ ನೀರು ಹೊಯ್ಯಿರಿ. ಅರ್ಥ್‌ನ ತಡೆಯನ್ನು ಅಳೆಯಲು ಮಲ್ಟಿಮೀಟರ್ ಸಾಲದು, ಅರ್ಥ್ ಟೆಸ್ಟರ್ ಬೇಕು. 5 ಓಮ್ ಒಳಗೆ ಬಂದರೆ ಚೆನ್ನಾಗಿದೆ ಎನ್ನಬಹುದು.

ಸದ್ದು ನಿಲ್ಲುತ್ತದೆಂದು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವುದು, ಮೂರು ಪಿನ್ನನ್ನು ಎರಡು ಪಿನ್ ಮಾಡುವ ಕನ್ವರ್ಟರ್ ಹಾಕುವುದು, ಇವೆರಡನ್ನೂ ಖಂಡಿತ ಮಾಡಬೇಡಿ. ಸದ್ದು ನಿಲ್ಲಲೂಬಹುದು, ಆದರೆ ಶಾಕ್‌ನಿಂದ ಕಾಯುವ ದಾರಿಯನ್ನೇ ಮುಚ್ಚಿದ ಹಾಗಾಗುತ್ತದೆ.

ಬಾಡಿಗೆ ಮನೆ, ಗೋಡೆ ಮುಟ್ಟುವಂತಿಲ್ಲ ಅನ್ನುವವರು 3.5 ಎಂಎಂ ಗ್ರೌಂಡ್ ಲೂಪ್ ಐಸೊಲೇಟರ್ ತರಬಹುದು. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ. ಧ್ವನಿ ದಾಟುತ್ತದೆ, ಗ್ರೌಂಡ್ ದಾಟುವುದಿಲ್ಲ. ಸ್ಪೀಕರ್ ಕಡೆಯ ತುದಿಗೆ ಹಾಕಿ. ಅಗ್ಗದವುಗಳಲ್ಲಿ ಬೇಸ್ ತೆಳುವಾಗುತ್ತದೆ, ಹೆಡ್‌ಫೋನ್‌ಗಂತೂ ಹೊಂದುವುದಿಲ್ಲ. ಇದರಿಂದ ಸ್ಪೀಕರ್ ಸುಮ್ಮನಾಗುತ್ತದೆಯೇ ಹೊರತು ಜುಮ್ ಅನ್ನುವ ಕ್ಯಾಬಿನೆಟ್ ಹಾಗೇ ಉಳಿಯುತ್ತದೆ. ಮನೆ ಮಾಲೀಕರ ಕಿವಿಗೆ ಆ ವಿಷಯ ಹಾಕಲೇಬೇಕು.

ಫ್ಯಾನ್, ಇನ್ವರ್ಟರ್

ಗುಂಯ್ ಜೊತೆಗೆ ಗರಗರ ಸೇರಿದ್ದರೆ ತಲೆ ಎತ್ತಿ ಫ್ಯಾನ್ ನೋಡಿ. ತಿರುಗಿಸಿ ವೇಗ ಹೊಂದಿಸುವ ಹಳೆಯ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಒಳಗೆ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇರುತ್ತದೆ. ಅದು ಸೆಕೆಂಡಿಗೆ 100 ಸಲ ಕರೆಂಟನ್ನು ಕತ್ತರಿಸಿ ಬಿಡುತ್ತದೆ, ಪ್ರತಿ ಕತ್ತರಿಕೆಯೂ ವೈರಿಂಗ್‌ನಲ್ಲಿ ಒಂದು ಗೀರು. ಫ್ಯಾನ್ ಎರಡು ಮೂರರಲ್ಲಿದ್ದಾಗ ಸದ್ದು ಜೋರು, ಪೂರ್ತಿ ಐದಕ್ಕೆ ಏರಿಸಿದರೆ ಮಾಯ: ಹಾಗಾದರೆ ಅನುಮಾನವೇ ಬೇಡ. ಕೆಪಾಸಿಟರ್ ಬಗೆಯ, ಹಂತ ಹಂತವಾಗಿ ತಿರುಗುವ ರೆಗ್ಯುಲೇಟರ್ ಹಾಕಿಸಿ.

ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಮಾತ್ರ ಗರಗರ ಬಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್. ಸೈನ್ ವೇವ್‌ನದಕ್ಕೆ ಬದಲಿಸುವವರೆಗೂ ಪೂರ್ತಿ ಪರಿಹಾರ ಇಲ್ಲ. ಪಕ್ಕದಲ್ಲಿ ಹಿಟ್ಟಿನ ಗಿರಣಿಯೋ ವೆಲ್ಡಿಂಗ್ ಅಂಗಡಿಯೋ ಇದ್ದು, ಅವು ಶುರುವಾದಾಗೆಲ್ಲ ಟಪ್ ಎಂದರೆ ಫಿಲ್ಟರ್ ಇರುವ ಸ್ಪೈಕ್ ಗಾರ್ಡ್ ತಕ್ಕಮಟ್ಟಿಗೆ ತಡೆಯುತ್ತದೆ. ಜೊತೆಗೆ ದೀಪಗಳೂ ಕುಗ್ಗಿ ಹಿಗ್ಗುತ್ತಿದ್ದರೆ ಲೈನ್‌ನ ತೊಂದರೆ ಇರಬಹುದು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗೆ ಕರೆಂಟ್ ಕೊಡುವುದು ಬೆಸ್ಕಾಂ, ದೂರಿಗೆ 1912.

ಸುಸ್ಸ್ ಮತ್ತು ಕುಯ್ಯ್

ಸುಸ್ಸ್ ಸದ್ದಿಗೆ ಖರ್ಚಿಲ್ಲದ ಮದ್ದು ವಾಲ್ಯೂಮ್ ಹಂಚಿಕೆ. ಬಹಳ ಜನ ವಿಂಡೋಸ್‌ನಲ್ಲಿ 30, ಮಾನಿಟರ್‌ನಲ್ಲಿ 30 ಇಟ್ಟು ಸ್ಪೀಕರ್‌ನ ಗುಂಡಿಯನ್ನು ಕೊನೆವರೆಗೂ ತಿರುಗಿಸಿರುತ್ತಾರೆ. ಕ್ಷೀಣವಾಗಿ ಬಂದ ಹಾಡಿನ ಜೊತೆ ಮಾನಿಟರ್‌ನ ಸುಸ್ಸನ್ನೂ ಸ್ಪೀಕರ್ ಎತ್ತಿ ಹಿಡಿಯುತ್ತದೆ. ವಿಂಡೋಸ್ 100, ಮಾನಿಟರ್ 70ರಿಂದ 80, ಆಮೇಲೆ ಕಿವಿಗೆ ಹಿತವಾಗುವಷ್ಟು ಮಾತ್ರ ಸ್ಪೀಕರ್. ಹಾಡು ಒಡೆದಂತೆ ಕೇಳಿದರೆ ಮಾನಿಟರ್‌ನದನ್ನು 60ಕ್ಕೆ ಇಳಿಸಿ.

ಕುಯ್ಯ್ ಸದ್ದಿಗೆ ಬ್ರೈಟ್‌ನೆಸ್ ಏರಿಳಿಸಿ ನೋಡಿ. ಹಲವು ಮಾನಿಟರ್‌ಗಳು ಬೆಳಕು ತಗ್ಗಿಸಲು ಬ್ಯಾಕ್‌ಲೈಟನ್ನು ವೇಗವಾಗಿ ಆರಿಸಿ ಹೊತ್ತಿಸುತ್ತವೆ, ಆ ಮಿಡಿತ ಆಡಿಯೋಗೆ ಸೋರುತ್ತದೆ. 100ಕ್ಕೆ ಏರಿಸಿದಾಗ ನಿಂತು, 30ಕ್ಕೆ ಇಳಿಸಿದಾಗ ಮತ್ತೆ ಬಂದರೆ ಅದೇ ಕಾರಣ. ಇದು ಮಾನಿಟರ್‌ನ ಹುಟ್ಟುಗುಣ, ರಿಪೇರಿಯಿಂದ ಹೋಗುವಂಥದ್ದಲ್ಲ. ಆ ಜ್ಯಾಕನ್ನೇ ಬಿಟ್ಟುಬಿಡಿ. ಲ್ಯಾಪ್‌ಟಾಪ್‌ನ ಸ್ವಂತ ಜ್ಯಾಕ್‌ನಿಂದ ಧ್ವನಿ ತೆಗೆಯಿರಿ, ಅಥವಾ ಯುಎಸ್‌ಬಿ ಸೌಂಡ್ ಅಡಾಪ್ಟರ್ ಹಾಕಿ. ಹೊರಗಿನ ಅಡಾಪ್ಟರ್‌ನಿಂದ ನಡೆಯುವ ಮಾನಿಟರ್ ಆದರೆ ಅದನ್ನು ಬದಲಿಸಿ ನೋಡುವುದೂ ಒಳ್ಳೆಯದು. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚು, ಪಿನ್ನಿನ ಪ್ಲಸ್ ಮೈನಸ್ ಚಿತ್ರ ಎರಡರಲ್ಲೂ ಒಂದೇ ಆಗಿರಬೇಕು.

ಚರಚರ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್‌ಗೆ ಹೋಗಿ ಮಾನಿಟರ್ ಹೆಸರು ಒತ್ತಿ. ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ, ಫಾರ್ಮ್ಯಾಟ್ 16 ಬಿಟ್, 48000 ಹರ್ಟ್ಜ್‌ಗೆ ಇಡಿ. ಮೋರ್ ಸೌಂಡ್ ಸೆಟ್ಟಿಂಗ್ಸ್ ತೆರೆದು ರೆಕಾರ್ಡಿಂಗ್‌ನಲ್ಲಿ ಮೈಕ್ ಆರಿಸಿ ಪ್ರಾಪರ್ಟೀಸ್ ಒತ್ತಿ, ಲಿಸನ್ ಎಂಬಲ್ಲಿ ಟಿಕ್ ಇದ್ದರೆ ತೆಗೆಯಿರಿ. ಮೈಕ್ ಹಿಡಿದ ಫ್ಯಾನ್ ಗಾಳಿಯೇ ಎಷ್ಟೋ ಸಲ ಮಾನಿಟರ್‌ನ ದೋಷದಂತೆ ಕೇಳಿಸುತ್ತಿರುತ್ತದೆ. ಚರಚರ ಉಳಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ, ಎಚ್‌ಡಿಎಂಐ ಆಡಿಯೋ ಡ್ರೈವರ್ ಅದರ ಜೊತೆಗೇ ಬರುತ್ತದೆ. ಪ್ರತಿ ಸಲ ಧ್ವನಿ ಶುರುವಾಗುವಾಗ ಮಾತ್ರ ಟಪ್ ಅಂದರೆ ಆಡಿಯೋ ಭಾಗ ನಿದ್ದೆಯಿಂದ ಏಳುತ್ತಿದೆ ಅಷ್ಟೇ, ಏನೂ ಕೆಟ್ಟಿಲ್ಲ.

ರಿಪೇರಿಗೆ ಯಾವಾಗ

ಹಳೆಯ ಮಾನಿಟರ್‌ನಲ್ಲಿ ಹಿಂದೆ ಇಲ್ಲದ ಸದ್ದು ಹೊಸದಾಗಿ ಬಂದು, ಬಿಸಿಯಾಗುತ್ತ ಹೋದಂತೆ ಬದಲಾದರೆ ಪವರ್ ಬೋರ್ಡ್‌ನ ಕೆಪಾಸಿಟರ್‌ಗಳು ಸೋತಿರಬಹುದು. ತಲೆ ಉಬ್ಬಿದ ಕೆಪಾಸಿಟರ್ ಕಣ್ಣಿಗೇ ಕಾಣುತ್ತದೆ. ಬದಲಿಗೆ ಹಾಕುವುದು 105 ಡಿಗ್ರಿ ಸೆಲ್ಸಿಯಸ್‌ನ, ಕಡಿಮೆ ಇಎಸ್‌ಆರ್‌ನ (ಒಳಗಿನ ತಡೆ ಕಡಿಮೆ ಇರುವ), ಅದೇ ಮೈಕ್ರೋಫ್ಯಾರಡ್ ಮತ್ತು ಅದೇ ಅಥವಾ ಹೆಚ್ಚಿನ ವೋಲ್ಟ್‌ನದ್ದೇ ಆಗಿರಲಿ ಎಂದು ಅಂಗಡಿಯವರಿಗೆ ಹೇಳಿ ಮಾಡಿಸಿ. ನೀವೇ ಬಿಚ್ಚಲು ಹೋಗಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ 320 ವೋಲ್ಟ್‌ನಷ್ಟು ಹಿಡಿದಿಟ್ಟುಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು.