ಸಮಯ ಕಡಿಮೆ ಇರುವವರು ವಿಡಿಯೋ ಗೇಮ್ ಆರಿಸಿಕೊಳ್ಳುವ ಬಗೆ

ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಇಂದಿರಾನಗರದಲ್ಲಿ ಇಳಿಯುವಷ್ಟರಲ್ಲಿ ಸುಮಾರು ಅರ್ಧ ಗಂಟೆಯಾಗುತ್ತದೆ. ಸೀಟು ಸಿಕ್ಕ ದಿನ ಆ ಅರ್ಧ ಗಂಟೆ ನನ್ನದು. ರಾತ್ರಿ ಮಗಳು ಮಲಗಿ, ಮರುದಿನದ ತರಕಾರಿ ಹೆಚ್ಚಿಟ್ಟ ಮೇಲೆ ಕಣ್ಣು ಎಳೆಯುವವರೆಗೆ ಇನ್ನೊಂದು ಮುಕ್ಕಾಲು ಗಂಟೆ ಸಿಗುತ್ತದೆ. ವಿಡಿಯೋ ಗೇಮ್ ಆಡಲು ನನಗಿರುವ ಕಾಲ ಇಷ್ಟೇ, ಮತ್ತು ನಾನು ಆಟದಲ್ಲಿ ನಿಪುಣನೂ ಅಲ್ಲ. ನನ್ನಂತೆಯೇ ಚೂರುಚೂರು ಸಮಯದಲ್ಲಿ ಆಡುವವರು ಆಟವೊಂದನ್ನು ಹೇಗೆ ಆರಿಸಿಕೊಳ್ಳಬೇಕು, ಹೇಗೆ ಪರೀಕ್ಷಿಸಬೇಕು, ಯಾವಾಗ ಕೈಬಿಡಬೇಕು ಎಂಬುದನ್ನು ನನ್ನ ಅನುಭವದ ಮೇಲೆ ಇಲ್ಲಿ ಬರೆದಿದ್ದೇನೆ.

ಹೊಸ ಆಟದ ಬಗ್ಗೆ ಯಾರಾದರೂ ಹೇಳಿದರೆ ಚಿತ್ರ ಎಷ್ಟು ಚೆನ್ನಾಗಿದೆ, ಕಥೆ ಏನು ಎಂದು ನಾನು ಮೊದಲು ಕೇಳುವುದಿಲ್ಲ. ಇದನ್ನು ನಡುವೆ ನಿಲ್ಲಿಸಿದರೆ ಏನಾಗುತ್ತದೆ ಎಂದು ಕೇಳುತ್ತೇನೆ. ಈ ಪ್ರಶ್ನೆ ನನಗೆ ಅಂಟಿಕೊಂಡಿದ್ದು ಕಾಲೇಜಿನ ದಿನಗಳಲ್ಲಿ, ಮಲ್ಲೇಶ್ವರದ ಒಂದು ಸೈಬರ್ ಕೆಫೆಯಲ್ಲಿ. 2002ರಲ್ಲಿ ಬಂದ ಗ್ರ್ಯಾಂಡ್ ತೆಫ್ಟ್ ಆಟೋ: ವೈಸ್ ಸಿಟಿಯಲ್ಲಿ ಎಲ್ಲೆಂದರಲ್ಲಿ ಸೇವ್ ಮಾಡಲಾಗುವುದಿಲ್ಲ, ಓಷನ್ ವ್ಯೂ ಹೋಟೆಲಿನಂಥ ನಮ್ಮದೇ ತಾಣಕ್ಕೆ ಬಂದು, ಅಲ್ಲಿ ತಿರುಗುತ್ತಿರುವ ಕ್ಯಾಸೆಟ್ ಚಿಹ್ನೆಯ ಮೇಲೆ ನಿಲ್ಲಬೇಕು. ಕೆಫೆಯಲ್ಲಿ ಕಟ್ಟಿದ ಒಂದು ಗಂಟೆ ಮುಗಿಯಲು ಐದು ನಿಮಿಷವಿದೆ ಎಂದಾಗ ನಾನು ಊರಿನ ಇನ್ನೊಂದು ತುದಿಯಲ್ಲಿರುತ್ತಿದ್ದೆ. ಪೊಲೀಸ್ ಜೀಪುಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೋಟೆಲಿನ ಬಾಗಿಲು ಕಾಣುವ ಹೊತ್ತಿಗೆ ಪರದೆ ಕಪ್ಪಾಗುತ್ತಿತ್ತು. ಹಾಗೂ ಹೀಗೂ ಸೇವ್ ಮಾಡಿ ಹೋದರೆ ಮರುದಿನ ಅದೇ ಕಂಪ್ಯೂಟರಿನಲ್ಲಿ ಕುಳಿತ ಬೇರೆ ಯಾರೋ ಅದರ ಮೇಲೆಯೇ ತಮ್ಮ ಆಟವನ್ನು ಸೇವ್ ಮಾಡಿರುತ್ತಿದ್ದರು. ಆ ಆಟದ ಮೊದಲ ಒಂದೆರಡು ಗಂಟೆ ನನಗೆ ಬಾಯಿಪಾಠವಾಗಿದೆ; ಕೊನೆ ಹೇಗಿದೆಯೆಂದು ಕಂಡಿಲ್ಲ.

ಆದ್ದರಿಂದ ಮೊದಲ ಕೆಲಸವೆಂದರೆ ಆಟದ ಕಾಲಮಾನವನ್ನು ತಿಳಿದುಕೊಳ್ಳುವುದು. ನಿಮ್ಮ ಬಿಡುವಿನ ತುಂಡು ಎಷ್ಟು ಉದ್ದವಿದೆಯೆಂದು ನಾಲ್ಕು ದಿನ ಗಮನಿಸಿ, ಅಷ್ಟರಲ್ಲಿ ಆಟದ ಒಂದು ಘಟ್ಟ ಮುಗಿಯುತ್ತದೆಯೇ ಎಂದು ನೋಡಿ. ಇದಕ್ಕೆ ಅತ್ಯುತ್ತಮ ಉದಾಹರಣೆ ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಎಂಬ ಒಬ್ಬರೇ ನಾಲ್ಕಕ್ಕೂ ಹೆಚ್ಚು ವರ್ಷ ಕುಳಿತು ರೂಪಿಸಿ 2016ರಲ್ಲಿ ಹೊರತಂದ ಈ ಬೇಸಾಯದ ಆಟದಲ್ಲಿ ದಿನವು ಬೆಳಿಗ್ಗೆ 6ಕ್ಕೆ ಆರಂಭವಾಗಿ ನಡುರಾತ್ರಿ ಕಳೆದು 2 ಗಂಟೆಗೆ ಮುಗಿಯುತ್ತದೆ. ನಮ್ಮ ಗಡಿಯಾರದಲ್ಲಿ ಅದು ಹೆಚ್ಚುಕಡಿಮೆ 14 ನಿಮಿಷ. ಮಲಗಿದರೆ ಆಟ ತಾನಾಗಿ ಸೇವ್ ಆಗುತ್ತದೆ. ಹಾಗಾಗಿ ವಿಜಯನಗರದಿಂದ ಇಂದಿರಾನಗರಕ್ಕೆ ನನ್ನ ಹೊಲದಲ್ಲಿ ಎರಡು ದಿನ ಕಳೆಯುತ್ತವೆ. ಮೊದಲ ದಿನ ಹಳ್ಳಿಯ ಯಜಮಾನ ಪಾರ್ಸ್‌ನಿಪ್‌ನ 15 ಬೀಜ ಕೊಡುತ್ತಾನೆ. ಪಾರ್ಸ್‌ನಿಪ್ ಎಂದರೆ ನೋಡಲು ನಮ್ಮ ಬಿಳಿ ಮೂಲಂಗಿಯಂಥ ಗೆಡ್ಡೆ. ಕಲ್ಲು ಒಡೆದು, ಕಳೆ ಕಿತ್ತು, ಮಣ್ಣು ಅಗೆದು, ಒಂದೊಂದೇ ಬೀಜ ಊರಿ, ನೀರಿನ ಡಬ್ಬ ಖಾಲಿಯಾದಾಗ ಕೆರೆಗೆ ಓಡಿ ತುಂಬಿಸಿಕೊಂಡು ಬರುವಷ್ಟರಲ್ಲಿ ಮೆಜೆಸ್ಟಿಕ್ ಬಂದಿರುತ್ತದೆ. ನಾಲ್ಕು ದಿನಕ್ಕೆ, ಅಂದರೆ ಸರಿಯಾಗಿ ಒಂದು ಬಾರಿ ಆಫೀಸಿಗೆ ಹೋಗಿಬಂದ ಮೇಲೆ, ಗೆಡ್ಡೆ ಕೀಳಬಹುದು. ಫೋನಿನ ಆವೃತ್ತಿಯಲ್ಲಿ ದಿನದ ನಡುವೆ ಹೊರಬಂದರೂ ಆಟ ನಿಂತಲ್ಲಿಂದ ಮುಂದುವರಿಯುವುದರಿಂದ ನಿಲ್ದಾಣ ತಪ್ಪುವ ಭಯವಿಲ್ಲ. ಇಷ್ಟಾದರೂ ಒಂದು ಎಚ್ಚರಿಕೆ ಹೇಳಬೇಕು. ದಿನ ಚಿಕ್ಕದಾಗಿರುವುದೇ ಇದರ ಬಲೆಯೂ ಹೌದು; ರಾತ್ರಿ ಮನೆಯಲ್ಲಿ ಆಡುವಾಗ ‘ಇನ್ನೊಂದೇ ದಿನ’ ಎನ್ನುತ್ತಾ ಒಂದು ಗಂಟೆ ದಾಟಿಸಿದ್ದೇನೆ.

ಇತರ ಆಟಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬಹುದು. ಇಸ್ಪೀಟಿನಂತೆ ಎಲೆಗಳನ್ನು ಕೈಯಲ್ಲಿಟ್ಟುಕೊಂಡು ಹೋರಾಡುವ ಸ್ಲೇ ದ ಸ್ಪೈರ್‌ನಲ್ಲಿ ಕಾದಾಟದ ನಡುವೆ ಬಿಟ್ಟು ಹೊರಟರೆ ಮರಳಿ ಬಂದಾಗ ಆ ಒಂದು ಕಾದಾಟ ಮಾತ್ರ ಮೊದಲಿನಿಂದ ಶುರುವಾಗುತ್ತದೆ, ಕೈಗೆ ಬರುವ ಎಲೆಗಳೂ ಅವೇ ಆಗಿರುತ್ತವೆ. ಕೋಣೆಯಿಂದ ಕೋಣೆಗೆ ಕಾದಾಡುತ್ತಾ ಸಾಗುವ ಹೇಡಿಸ್‌ನಲ್ಲಿಯೂ ಹಾಗೆಯೇ, ನೀವು ನಿಂತಿದ್ದ ಕೋಣೆಯ ಬಾಗಿಲಿನಿಂದ ಮುಂದುವರಿಸಬಹುದು. ವ್ಯಾಂಪೈರ್ ಸರ್ವೈವರ್ಸ್‌ನ ಸಾಮಾನ್ಯ ಸುತ್ತು ಹೆಚ್ಚೆಂದರೆ 30 ನಿಮಿಷ. ಆ ಹೊತ್ತಿಗೆ ಸಾಕ್ಷಾತ್ ಮೃತ್ಯುವೇ ಬಂದು ಆಟ ಮುಗಿಸುತ್ತದೆ. ಅದನ್ನು ರೈಲಿನಲ್ಲಿ ಆರಂಭಿಸುವುದಾದರೆ ಹತ್ತಿದ ಕೂಡಲೇ ಆರಂಭಿಸಬೇಕು.

ನಿಲ್ಲಿಸಲಾಗದ ಆಟಗಳು ಕೆಟ್ಟ ಆಟಗಳೆಂದು ಇದರ ಅರ್ಥವಲ್ಲ. ಅವಕ್ಕೆ ಬೇರೆ ದಿನ ಮೀಸಲಿಡಬೇಕು, ಅಷ್ಟೆ. ತಂಗಿಯ ಮಗ 2022ರ ಎಲ್ಡನ್ ರಿಂಗ್ ಆಟವನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಾಗ ಈ ಪಾಠ ಕಲಿತೆ. ಒಲೆಯ ಮೇಲೆ ಬೇಳೆಗೆ ಕುಕ್ಕರ್ ಇಟ್ಟು, ಮೂರು ಕೂಗಿಗೆ ಇಳಿಸಿದರಾಯಿತೆಂದು ಆಡಲು ಕುಳಿತೆ. ಆಟದ ಆರಂಭದ ಬಯಲಿಗೆ ಕಾಲಿಟ್ಟ ಕೂಡಲೇ ಚಿನ್ನದ ಕವಚ ತೊಟ್ಟ ಕುದುರೆ ಸವಾರನೊಬ್ಬ ಅಡ್ಡಾಡುತ್ತಿರುತ್ತಾನೆ. ಅವನು ನನ್ನನ್ನು ಕಂಡ ಕ್ಷಣಕ್ಕೇ ಕುಕ್ಕರ್ ಮೊದಲ ಕೂಗು ಹಾಕಿತು. ಪಾಝ್ ಮಾಡಲು ಒಂದೊಂದೇ ಬಟನ್ ಒತ್ತಿ ನೋಡಿದೆ. ಮೆನು ತೆರೆಯಿತು, ಆದರೆ ಅದರ ಹಿಂದೆ ಸವಾರ ಈಟಿ ಎತ್ತಿಕೊಂಡು ಬರುತ್ತಲೇ ಇದ್ದ. “ಮಾವ, ಇದ್ರಲ್ಲಿ ಪಾಝ್ ಇಲ್ಲ ಮಾವ, ಓಡಿ!” ಎಂದು ಹುಡುಗ ಕೂಗಿದ. ಅಡುಗೆಮನೆಗೆ ಓಡಬೇಕೋ ಆಟದಲ್ಲಿ ಓಡಬೇಕೋ ತಿಳಿಯದೆ ಎರಡೂ ಕೆಟ್ಟವು. ಕೂಡಿಟ್ಟ ರೂನ್‌ಗಳು, ಅಂದರೆ ಆ ಆಟದ ದುಡ್ಡು, ಸತ್ತ ಜಾಗದಲ್ಲಿಯೇ ಉಳಿದವು, ಅವನ್ನು ಹೆಕ್ಕಲು ಹೋಗಿ ಮತ್ತೊಮ್ಮೆ ಸತ್ತಾಗ ಪೂರ್ತಿ ಕಳೆದುಹೋದವು, ಬೇಳೆ ತಳ ಹಿಡಿಯಿತು. ಆದರೆ ನ್ಯಾಯವಾಗಿ ಹೇಳುವುದಾದರೆ ಈ ಆಟದಲ್ಲಿ ಪಾಝ್ ಇಲ್ಲದಿದ್ದರೂ ಮೆನುವಿನಿಂದ ಹೊರನಡೆದರೆ ಇದ್ದ ಜಾಗವನ್ನು ಅದು ಉಳಿಸಿಕೊಳ್ಳುತ್ತದೆ. ಆದ್ದರಿಂದ ಪಾಝ್ ಮತ್ತು ಸೇವ್ ಎರಡನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಪಾಝ್ ಮುಖ್ಯ, ಆಗಾಗ ಕರೆಂಟ್ ಹೋಗುವ ಬಡಾವಣೆಯಲ್ಲಿ ಸೇವ್ ಮುಖ್ಯ.

ಎದುರಾಳಿಗಳು ನಿಜವಾದ ಮನುಷ್ಯರೇ ಆಗಿರುವ ಆಟಗಳಲ್ಲಿ ಈ ಎರಡು ಸೌಲಭ್ಯಗಳೂ ಇರುವುದಿಲ್ಲ. 2021ರಲ್ಲಿ ಇಲ್ಲಿಗೆ ಬಂದ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಗುಂಡಿನ ಕಾಳಗದ ಆಟದಲ್ಲಿ 100 ಜನ ಇಳಿಯುವ ಒಂದು ಪಂದ್ಯ ಕೊನೆಯವರೆಗೆ ಬದುಕಿದರೆ ಅರ್ಧ ಗಂಟೆ ಹಿಡಿಯುತ್ತದೆ, ಮತ್ತು ಕಿರಿದಾಗುತ್ತಾ ಬರುವ ರಣರಂಗದ ಕೊನೆಯ ವೃತ್ತದಲ್ಲಿ ಉಳಿದಾಗಲೇ ನನ್ನ ನಿಲ್ದಾಣ ಬರುತ್ತದೆ. ನಾಲ್ವರ ತಂಡವನ್ನು ನಡುವೆ ಬಿಟ್ಟು ಇಳಿದರೆ ಉಳಿದ ಮೂವರು ಸಭ್ಯವಾಗಿ ಮಾತನಾಡುವುದಿಲ್ಲ. ನಾನು ಅದನ್ನು ಭಾನುವಾರಕ್ಕೆ ಬಿಟ್ಟಿದ್ದೇನೆ.

ಎರಡನೆಯ ಕೆಲಸ, ದುಡ್ಡು ಕೊಡುವ ಮುನ್ನ ಪರೀಕ್ಷಿಸುವುದು. ಕಂಪ್ಯೂಟರಿನಲ್ಲಿ ಆಡುವವರಿಗೆ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯ ಒಂದು ನಿಯಮ ಬಹಳ ಉಪಕಾರಿ: ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ, ಆಟವನ್ನು ಹಿಂದಿರುಗಿಸಿ ಹಣ ವಾಪಸ್ ಕೇಳಬಹುದು. ಈ 2 ಗಂಟೆಯನ್ನು ಒಂದೇ ರಾತ್ರಿ ಮುಗಿಸಬೇಡಿ. ಮೂರು ಬೈಠಕ್ಕುಗಳಾಗಿ ಹಂಚಿ, ಪ್ರತಿ ಬಾರಿಯೂ ಅರ್ಧ ಗಂಟೆ ಆಡಿ ನಡುವೆಯೇ ನಿಲ್ಲಿಸಿ. ಮೂರನೆಯ ಸಲ ಅದನ್ನು ತೆರೆಯಲು ಕೈ ತಾನಾಗಿ ಹೋಗುತ್ತದೆಯೋ ಇಲ್ಲವೋ ಎಂಬುದೇ ನಿಜವಾದ ಪರೀಕ್ಷೆ. ಆದರೆ ಈ ಪರೀಕ್ಷೆ ನಿಧಾನವಾಗಿ ಬಿಚ್ಚಿಕೊಳ್ಳುವ ಆಟಗಳ ಮುಂದೆ ನಡೆಯುವುದಿಲ್ಲ. ರೆಡ್ ಡೆಡ್ ರಿಡೆಂಪ್ಷನ್ 2 ಆರಂಭವಾಗುವುದೇ ಹಿಮ ಸುರಿಯುವ ಬೆಟ್ಟದಲ್ಲಿ. ನನ್ನ ವೇಗದಲ್ಲಿ ಆ ಹಿಮದಿಂದ ಇಳಿದು ಹಸಿರು ಕಾಣುವಷ್ಟರಲ್ಲಿಯೇ 2 ಗಂಟೆ ದಾಟಿತ್ತು. ಅಂಥ ಆಟವನ್ನು ರಿಯಾಯಿತಿ ಮಾರಾಟದ ಸಮಯಕ್ಕೆ ಕಾದು ಕೊಳ್ಳುವುದು ಲೇಸು. ಅದಕ್ಕೆ ಕಂಪ್ಯೂಟರಿನಲ್ಲಿ 150 ಜಿಬಿ ಜಾಗ ಬೇಕು ಎಂಬುದನ್ನು ನಾನು ಕೊಂಡ ಮೇಲೆ ಓದಿದೆ. ಎಸ್.ಪಿ. ರಸ್ತೆಗೆ ಹೋಗಿ ಹೊಸ ಎಸ್ಎಸ್‌ಡಿ ತಂದು ಹಾಕಿಸಿದಾಗ ಆಟಕ್ಕಿಂತ ಅದಕ್ಕೇ ಹೆಚ್ಚು ಖರ್ಚಾಯಿತು.

ಎಪಿಕ್ ಗೇಮ್ಸ್ ಅಂಗಡಿ ವಾರಕ್ಕೊಂದಾದರೂ ಆಟವನ್ನು ಉಚಿತವಾಗಿ ಕೊಡುತ್ತದೆ. ಪುಕ್ಕಟೆಯೆಂದು ಎಲ್ಲವನ್ನೂ ಗುಡ್ಡೆ ಹಾಕಿಕೊಂಡರೆ ಆರಿಸುವುದರಲ್ಲೇ ರಾತ್ರಿ ಕಳೆಯುತ್ತದೆ. ಫೋನಿನ ಉಚಿತ ಆಟಗಳ ವಿಷಯ ಬೇರೆ: ಅಲ್ಲಿ ನಿಲ್ಲಿಸುವುದು ಸುಲಭ, ಆದರೆ ಅವು ನಿಮ್ಮನ್ನು ಬಿಡುವುದಿಲ್ಲ. ದಿನಕ್ಕೆ ನಾಲ್ಕು ಬಾರಿ ‘ನಿಮ್ಮ ಉಡುಗೊರೆ ಕಾಯುತ್ತಿದೆ’ ಎಂದು ಗಂಟೆ ಬಾರಿಸುವ ಆಟವನ್ನು ನಾನು ಅದೇ ದಿನ ತೆಗೆದುಹಾಕುತ್ತೇನೆ. ಮಕ್ಕಳ ಕೈಗೆ ಫೋನ್ ಕೊಡುವ ಮುನ್ನ ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಡಿ.

ಕಷ್ಟದ ಮಟ್ಟವನ್ನು ಇಳಿಸಿಕೊಳ್ಳಲು ನಾಚಬಾರದು. 2018ರ ಸೆಲೆಸ್ಟ್ ಬೆಟ್ಟ ಹತ್ತುವ ಆಟ. ಬೆರಳು ಚುರುಕಿಲ್ಲದವರಿಗೆ ಅದರಲ್ಲಿ ಅಸಿಸ್ಟ್ ಮೋಡ್ ಎಂಬ ಸೌಲಭ್ಯವಿದ್ದು, ಆಟದ ವೇಗವನ್ನೇ ಅರ್ಧದವರೆಗೆ ತಗ್ಗಿಸಬಹುದು. ನಾನು 80 ಪ್ರತಿಶತದಲ್ಲಿ ಆಡಿದೆ. ಹೇಡಿಸ್‌ನ ಗಾಡ್ ಮೋಡ್ ಇನ್ನೂ ಚತುರವಾದದ್ದು: ಮೊದಲಿಗೆ ಪೆಟ್ಟಿನ 20 ಪ್ರತಿಶತವನ್ನು ತಾನೇ ತಡೆದುಕೊಳ್ಳುತ್ತದೆ, ಪ್ರತಿ ಸಾವಿಗೂ ಇನ್ನೆರಡು ಪ್ರತಿಶತ ಸೇರಿಸುತ್ತಾ 80ರವರೆಗೆ ಹೋಗುತ್ತದೆ. ಸೋತಷ್ಟೂ ಗಟ್ಟಿಯಾಗುವ ಈ ಏರ್ಪಾಟು ನನ್ನಂಥ ಆಟಗಾರನಿಗೆಂದೇ ಮಾಡಿದಂತಿದೆ.

ಮೂರನೆಯ ಕೆಲಸವನ್ನು ಹೇಳಿದರೆ ಹಲವರು ನಗುತ್ತಾರೆ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ನನ್ನದು ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯ ಹಾಳೆಗಳು. ಪ್ರತಿ ಬಾರಿ ಆಟ ನಿಲ್ಲಿಸುವಾಗ ಎರಡು ಸಾಲು ಬರೆಯಿರಿ: ಮುಂದೆ ಏನು ಮಾಡಬೇಕಿತ್ತು, ಯಾವ ಬಟನ್ ಯಾವುದಕ್ಕೆ. ಮೂರು ವಾರ ಬಿಟ್ಟು ಮರಳುವವರಿಗೆ ಇದರ ಬೆಲೆ ತಿಳಿಯುತ್ತದೆ. ನಾನು ಬರೆಯದೆ ಬಿಟ್ಟ ಒಮ್ಮೆ, ಮಾರ್ಚ್ ತಿಂಗಳ ಲೆಕ್ಕಪತ್ರದ ಗಡಿಬಿಡಿ ಮುಗಿಸಿ ರೆಡ್ ಡೆಡ್‌ಗೆ ಮರಳಿದೆ. ಅಲ್ಲಿ ದಾರಿಹೋಕರತ್ತ ಗಮನ ಕೊಟ್ಟು ನಮಸ್ಕಾರ ಹೇಳುವ ಬಟನ್ನೇ, ಕೈಯಲ್ಲಿ ಬಂದೂಕಿದ್ದರೆ ಗುರಿಯಿಡುವ ಬಟನ್ ಕೂಡ ಆಗಿರುತ್ತದೆ. ಊರಿನ ಬೀದಿಯಲ್ಲಿ ಎದುರಾದ ಮುದುಕನೊಬ್ಬನಿಗೆ ಗೌರವದಿಂದ ನಮಸ್ಕರಿಸಲು ಹೋಗಿ ಎದೆಗೆ ಬಂದೂಕು ಹಿಡಿದೆ; ಗಾಬರಿಯಲ್ಲಿ ಇನ್ನೊಂದು ಬಟನ್ ಒತ್ತಿದೆ; ಮುಂದಿನ ಹತ್ತು ನಿಮಿಷ ಇಡೀ ಊರು ನನ್ನನ್ನು ಅಟ್ಟಿಸಿಕೊಂಡು ಬಂತು. ಅಂದಿನ ಸಾಲು ಹೀಗಿದೆ: ‘ಮಾತಾಡುವ ಮೊದಲು ಬಂದೂಕು ಒಳಗಿಡು.’

ಆಟ ಮುಗಿದಾಗ ಅದೇ ನೋಟ್‌ಬುಕ್ಕಿನಲ್ಲಿ ಅನಿಸಿಕೆಯನ್ನೂ ಬರೆಯುತ್ತೇನೆ. ಹತ್ತಕ್ಕೆ ಎಷ್ಟು ಅಂಕ ಎಂದು ಹಾಕುವುದಿಲ್ಲ, ಏಕೆಂದರೆ ಆರು ತಿಂಗಳ ಮೇಲೆ ಏಳೂವರೆ ಎಂಬ ಅಂಕ ನನಗೇ ಏನನ್ನೂ ಹೇಳುವುದಿಲ್ಲ. ಬದಲಿಗೆ ನೆನಪಿನಲ್ಲಿ ಉಳಿದ ಒಂದು ಸಂಗತಿಯನ್ನು ಬರೆಯುತ್ತೇನೆ. ಪುಣೆಯ ತಂಡವೊಂದು 2020ರಲ್ಲಿ ಹೊರತಂದ ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್ ಬಗ್ಗೆ ‘ಗೋಡೆಯ ಚಿತ್ರಗಳ ಮುಂದೆ ನಿಂತು ದುರ್ಗೆ ಮತ್ತು ವಿಷ್ಣು ಹೇಳುವ ಕಥೆ ಕೇಳಿದೆ, ಕಾದಾಟ ಮಾತ್ರ ಬಿಗಿಯಾಗಿದೆ, ಕೊನೆ ಅವಸರದ್ದು’ ಎಂದಿದೆ. 2023ರ ವೆಂಬಾ ಬಗ್ಗೆ ಒಂದು ಪುಟವೇ ಇದೆ. ತಮಿಳುನಾಡಿನಿಂದ ಕೆನಡಾಕ್ಕೆ ಹೋಗಿ ನೆಲೆಸಿದ ಸಂಸಾರದ ಕಥೆಯನ್ನು ಅಡುಗೆಯ ಮೂಲಕ ಹೇಳುವ ಈ ಆಟದಲ್ಲಿ ಅಮ್ಮನ ಅಡುಗೆ ಪುಸ್ತಕ ಹರಿದು ಮಾಸಿದೆ, ಅಳಿಸಿಹೋದ ಹಂತವನ್ನು ನಾವೇ ಊಹಿಸಬೇಕು. ಮೊದಲ ಅಡುಗೆ ಇಡ್ಲಿ. ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಜೋಡಿಸಿದರೆ ಎಲ್ಲ ಇಡ್ಲಿಗೂ ಆವಿ ತಾಗುತ್ತದೆ ಎಂಬುದೇ ಅಲ್ಲಿನ ಒಗಟು. ನಾನು ಪರದೆಯನ್ನು ದಿಟ್ಟಿಸುತ್ತಾ ಕುಳಿತಿದ್ದಾಗ ಹಿಂದಿನಿಂದ ನೋಡುತ್ತಿದ್ದ ಹೆಂಡತಿ, “ಏನ್ರೀ, ಹದಿನೈದು ವರ್ಷದಿಂದ ಇಡ್ಲಿ ತಿಂತಿದೀರ, ಮೇಲಿನ ತಟ್ಟೆ ತಿರುಗಿಸಿ ಇಡ್ಬೇಕು ಅಂತ ಗೊತ್ತಿಲ್ವಾ?” ಎಂದಳು. ಇಡೀ ಆಟ ಎರಡು ರಾತ್ರಿಗಳಲ್ಲಿ ಮುಗಿಯಿತು. ಎರಡನೆಯ ರಾತ್ರಿ ಆಡಿದ್ದು ಅವಳೇ. ಆಟವಾಡದ ಮನೆಮಂದಿಗೆ ಮೊದಲ ಆಟ ತೋರಿಸಬೇಕೆಂದಿದ್ದರೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಕೊನೆಯದಾಗಿ, ಕೈಬಿಡುವ ಬಗೆ. ಅರ್ಧಕ್ಕೆ ಬಿಟ್ಟ ಆಟವನ್ನು ಸಾಲದಂತೆ ತಲೆಯ ಮೇಲೆ ಹೊತ್ತುಕೊಳ್ಳಬಾರದು. ಒಂದು ತಿಂಗಳು ತೆರೆಯದಿದ್ದರೆ, ಸೇವ್ ಕ್ಲೌಡ್‌ನಲ್ಲಿ (ಅಂತರ್ಜಾಲದ ಸಂಗ್ರಹದಲ್ಲಿ) ಉಳಿದಿದೆಯೇ ಎಂದು ಖಚಿತಪಡಿಸಿಕೊಂಡು ಆಟವನ್ನು ಅಳಿಸಿಬಿಡಿ; ಜಾಗವೂ ಉಳಿಯುತ್ತದೆ, ಮರಳುವ ದಾರಿಯೂ ತೆರೆದಿರುತ್ತದೆ. 2015ರ ವಿಚರ್ 3 ನನ್ನ ಲ್ಯಾಪ್‌ಟಾಪಿನಿಂದ ಹೀಗೆ ಎರಡು ಬಾರಿ ಹೋಗಿದೆ. ಈಗ ದಸರಾ ರಜೆಗೆಂದು ಮೂರನೆಯ ಸಲ ಇಳಿಸಿದ್ದೇನೆ. ಹಾಲಿನ ಪುಸ್ತಕದ ಹಿಂದಿನ ಹಾಳೆ ತಿರುವಿ ನೋಡಿದರೆ, ಎರಡು ವರ್ಷದ ಹಿಂದೆ ನಿದ್ದೆಗಣ್ಣಿನಲ್ಲಿ ಬರೆದ ಸಾಲು ಸಿಕ್ಕಿತು: ‘ಬಾವಿಯ ಹತ್ತಿರ ದೆವ್ವ. ಬಳೆ ನೀರಿನ ತಳದಲ್ಲಿದೆ, ಇಳಿದು ತರಬೇಕು.’