ಪೊರೆಗೆ ಲೇಸರ್ ಬೇಕೇ? ಲೇಸರ್ ಇಟ್ಟುಕೊಂಡೂ ಇಲ್ಲದೆಯೂ ಆಪರೇಷನ್ ಮಾಡುವ ನನ್ನ ಅನುಭವ

ಪೊರೆ ಆಪರೇಷನ್ನಿಗೆ ಬಳಸುವ, ಅತಿ ಚಿಕ್ಕ ಮಿಡಿತಗಳ ಫೆಮ್ಟೋಸೆಕೆಂಡ್ ಲೇಸರ್ ಪೊರೆಯನ್ನು ಕಣ್ಣಿನಿಂದ ಹೊರಗೆ ತೆಗೆಯುವುದಿಲ್ಲ. ‘ದುಡ್ಡು ಎಷ್ಟಾದರೂ ಆಗಲಿ ಸರ್, ಅಮ್ಮನಿಗೆ ಲೇಸರ್‌ನಲ್ಲೇ ಮಾಡಿಬಿಡಿ’ ಎಂದು ಕೇಳುವ ಮಕ್ಕಳಿಗೆ ನಾನು ಮೊದಲು ಹೇಳುವ ಮಾತು ಇದೇ. ಲೇಸರ್ ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದಲ್ಲಿ, ಸೀಳು ಮಾಡುತ್ತದೆ, ಮಸೂರದ ಚೀಲದ ಮುಂಭಾಗದಲ್ಲಿ ಸುಮಾರು 5 ಮಿ.ಮೀ. ಅಗಲದ ದುಂಡನೆಯ ಕಿಂಡಿ ಕೊರೆಯುತ್ತದೆ, ಒಳಗಿನ ಪೊರೆಯನ್ನು ಹೋಳು ಮಾಡುತ್ತದೆ. ಆ ಹೋಳುಗಳನ್ನು ಹೀರಿ ತೆಗೆದು ಹೊಸ ಮಸೂರ ಕೂರಿಸಲು ಮತ್ತೆ ಅಲ್ಟ್ರಾಸೌಂಡ್‌ನಿಂದ ಪೊರೆ ಒಡೆದು ಹೀರುವ ಫೇಕೋ ಯಂತ್ರವೇ ಬೇಕು, ಸರ್ಜನ್‌ನ ಕೈಯೇ ಬೇಕು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಆರಂಭಿಸಿದ ಈ ಅಲ್ಟ್ರಾಸೌಂಡ್ ವಿಧಾನಕ್ಕೆ, 2008ರಲ್ಲಿ ಬುಡಾಪೆಸ್ಟ್‌ನ ಝೋಲ್ಟಾನ್ ನಾಗಿ ಲೇಸರನ್ನು ಮುಂಚಿನ ಹಂತವಾಗಿ ಜೋಡಿಸಿದರು. ಅದು ಬಂದ ಮೇಲೂ ಫೇಕೋ ಮೂಲೆ ಸೇರಲಿಲ್ಲ.

ಲೇಸರ್ ಬಳಸುವ ದಿನ ನನ್ನ ಕೆಲಸ ಬೇರೆಯೇ ರೀತಿ ಶುರುವಾಗುತ್ತದೆ. ರೋಗಿಯನ್ನು ಯಂತ್ರದ ಕೆಳಗೆ ಮಲಗಿಸಿ, ಕಣ್ಣಿಗೆ ಹೀರುವ ಬಳೆ ಹಿಡಿಸಬೇಕು. ಗುಳಿ ಬಿದ್ದ ಸಣ್ಣ ಕಣ್ಣಾದರೆ ಬಳೆ ಸರಿಯಾಗಿ ಕೂರುವುದಿಲ್ಲ. ಬೆನ್ನು ಬಾಗಿದವರಿಗೆ ಅಂಗಾತ ಮಲಗುವುದೇ ಕಷ್ಟ, ತಲೆ ನಡುಗುವವರಿಗೆ ಇದು ಬೇಡವೇ ಬೇಡ. ಬಳೆ ಕೂತ ಮೇಲೆ ಪರದೆಯಲ್ಲಿ ಮಸೂರದ ಅಡ್ಡಕೊಯ್ತದ ಚಿತ್ರ ಮೂಡುತ್ತದೆ. ಎಲ್ಲಿ, ಎಷ್ಟು ಆಳಕ್ಕೆ ಎಂದು ಗೆರೆ ಇಟ್ಟುಕೊಟ್ಟರೆ ಲೇಸರ್ ಕೆಲವೇ ಸೆಕೆಂಡುಗಳಲ್ಲಿ ತನ್ನ ಪಾಲು ಮುಗಿಸುತ್ತದೆ.

ಕಷ್ಟ ಇರುವುದು ಆಮೇಲೆ. ಲೇಸರ್ ತಾಗಿದ ಕಣ್ಣಿನಲ್ಲಿ ಪಾಪೆ ಕುಗ್ಗತೊಡಗುತ್ತದೆ. ಅದಕ್ಕಾಗಿ ಉರಿಯೂತ ತಡೆಯುವ ಹನಿಯನ್ನು ಮೊದಲೇ ಶುರುಮಾಡಿಸುತ್ತೇನೆ, ಲೇಸರ್ ಆದ ಮೇಲೆ ತಡಮಾಡದೆ ಮೈಕ್ರೋಸ್ಕೋಪಿನ ಕೆಳಗೆ ಕರೆದೊಯ್ಯುತ್ತೇನೆ. ಚೀಲದಲ್ಲಿ ಕೊರೆದ ಬಿಲ್ಲೆ ಪೂರ್ತಿ ಬಿಟ್ಟುಕೊಂಡಂತೆ ಕಂಡರೂ ಒಂದೆರಡು ಕಡೆ ಎಳೆಯಷ್ಟು ಅಂಟಿರಬಹುದು. ಎಳೆದರೆ ಚೀಲ ಅಂಚಿನವರೆಗೂ ಹರಿಯುವ ಭಯ. ಆದ್ದರಿಂದ ನಡುವೆ ಮೆಲ್ಲಗೆ ಒತ್ತಿ, ಸುತ್ತಲೂ ಬಿಟ್ಟಿದೆಯೇ ನೋಡಿಯೇ ತೆಗೆಯುತ್ತೇನೆ. ಹೋಳು ಮಾಡುವಾಗ ಹುಟ್ಟಿದ ಗಾಳಿಗುಳ್ಳೆಗಳು ಪೊರೆಯ ಹಿಂದೆ ಸಿಕ್ಕಿಕೊಂಡಿರುತ್ತವೆ. ಅವನ್ನು ಹೊರಬಿಡದೆ ಜೋರಾಗಿ ನೀರು ಹಾಯಿಸಿದರೆ ಹಿಂದಿನ ಚೀಲ ಒಡೆಯಬಹುದು. ಲೇಸರ್ ಇದೆಯೆಂದು ಕೈ ನಿರಾಳವಾಗುವ ಹಾಗಿಲ್ಲ. ಫೇಕೋ ಚೆನ್ನಾಗಿ ಕಲಿಯದ ಕಿರಿಯರು ಲೇಸರ್ ನೆಚ್ಚಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಯಾರಿಗೆ ಇದರಿಂದ ನಿಜವಾದ ಅನುಕೂಲ? ಕಾರ್ನಿಯಾದ ಒಳಪದರದ ಜೀವಕೋಶಗಳು ಮೊದಲೇ ಕಮ್ಮಿಯಿರುವ ಫುಕ್ಸ್ ಕಾಯಿಲೆಯವರಲ್ಲಿ ನಾನು ಲೇಸರ್ ಬಗ್ಗೆ ಯೋಚಿಸುತ್ತೇನೆ. ಆ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಪೊರೆ ಮೊದಲೇ ಹೋಳಾಗಿದ್ದರೆ ಅಲ್ಟ್ರಾಸೌಂಡ್ ಶಕ್ತಿ ಕಡಿಮೆ ಸಾಕು. ಏಟು ಬಿದ್ದು ಮಸೂರದ ಕಟ್ಟುಗಳು ಸಡಿಲವಾದ ಕಣ್ಣಿನಲ್ಲೂ ಎಳೆದಾಟವಿಲ್ಲದೆ ಕಿಂಡಿ ಆಗುವುದು ದೊಡ್ಡ ಉಪಕಾರ. ಉಬ್ಬಿದ ಬಿಳಿ ಪೊರೆಯಲ್ಲಿ ಮಾತ್ರ ನನಗೆ ಕೈಯೇ ಹೆಚ್ಚು ನಂಬಿಕೆ: ಟ್ರೈಪಾನ್ ಬ್ಲೂನಿಂದ ಚೀಲಕ್ಕೆ ನೀಲಿ ಬಣ್ಣ ಹಾಕಿ, ಸೂಜಿಯಿಂದ ಒಳಗಿನ ಹಾಲಿನಂಥ ದ್ರವ ಹೀರಿ, ಒತ್ತಡ ಇಳಿದ ಮೇಲೆ ಕಿಂಡಿ ಮಾಡುತ್ತೇನೆ.

ಬಯಲುಸೀಮೆಯ ಹಳ್ಳಿಗಳಿಂದ ತಡವಾಗಿ ಬರುವ ಹಿರಿಯರದು ಬೇರೆಯೇ ಕಥೆ. ಅವರ ಪೊರೆ ಕಂದು ಬಣ್ಣಕ್ಕೆ ತಿರುಗಿ, ಬೆಲ್ಲದ ಅಚ್ಚಿನಷ್ಟು ಗಟ್ಟಿಯಾಗಿರುತ್ತದೆ. ಲೇಸರ್ ಅದರ ಆಳಕ್ಕೆ ಇಳಿಯುವುದು ಕಷ್ಟ, ಫೇಕೋಗೆ ತುಂಬಾ ಶಕ್ತಿ ಬೇಕು. ಇಂಥವರಿಗೆ ನಾನು ಹೊಲಿಗೆಯಿಲ್ಲದ ಸಣ್ಣ ಗಾಯದ ಕೈ ವಿಧಾನವನ್ನೇ ಮಾಡುತ್ತೇನೆ. ಫೇಕೋ ಗಾಯ 3 ಮಿ.ಮೀ.ಗಿಂತ ಚಿಕ್ಕದು, ಇದರದು 6 ಮಿ.ಮೀ. ಆಸುಪಾಸು; ಆದರೂ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನೇಪಾಳದಲ್ಲಿ ಕಣ್ಣಿನ ವೈದ್ಯ ಸಂದುಕ್ ರುಯಿತ್ ಮತ್ತು ಸಂಗಡಿಗರು ಬಲಿತ ಪೊರೆಗಳಲ್ಲಿ ಇದನ್ನು ಫೇಕೋ ಜೊತೆ ಹೋಲಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳ ನಂತರ ಎರಡೂ ಗುಂಪಿನ ದೃಷ್ಟಿ ಹೆಚ್ಚುಕಡಿಮೆ ಒಂದೇ ಆಗಿತ್ತು, ಕೈ ವಿಧಾನಕ್ಕೆ ಸಮಯವೂ ಖರ್ಚೂ ಕಡಿಮೆ. ಕ್ಯಾಂಪಿನಲ್ಲಿ ಮಾಡುವ ಆಪರೇಷನ್ ಎಂದು ಇದನ್ನು ಕೀಳಾಗಿ ಕಾಣುವವರಿದ್ದಾರೆ, ಅದು ನನಗೆ ಬಹಳ ನೋವು ಕೊಡುತ್ತದೆ.

ಸಾಮಾನ್ಯ ಪೊರೆಗೆ ಲೇಸರ್‌ನಿಂದ ಹೆಚ್ಚಿನ ದೃಷ್ಟಿ ಸಿಗುತ್ತದೆಯೇ? ಫ್ರಾನ್ಸಿನ ಐದು ವಿಶ್ವವಿದ್ಯಾಲಯ ಆಸ್ಪತ್ರೆಗಳಲ್ಲಿ 900ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಫೆಮ್‌ಕ್ಯಾಟ್ ಅಧ್ಯಯನ ಫೇಕೋಗಿಂತ ಲೇಸರ್ ಮೇಲು ಎಂದು ಕಾಣಲಿಲ್ಲ. ಖರ್ಚು ಮಾತ್ರ ಜಾಸ್ತಿ. ನನ್ನ ಟೇಬಲ್ಲಿನ ಮೇಲೆ ಕಂಡದ್ದೂ ಅದೇ. ಹಾಗಾಗಿ ಸಾಲ ಮಾಡಿ ಲೇಸರ್ ಮಾಡಿಸಲು ಹೊರಟವರನ್ನು ನಾನು ತಡೆಯುತ್ತೇನೆ.

ಆ ಕಾಳಜಿಯನ್ನೆಲ್ಲ ಹೊಸ ಮಸೂರಕ್ಕಾಗಿ ಕಣ್ಣನ್ನು ಅಳೆಯುವ ಕಡೆ ತಿರುಗಿಸಿ ಎನ್ನುತ್ತೇನೆ. ಹೊಸ ಮಸೂರದ ಪವರ್ ತಪ್ಪಿದರೆ ಎಷ್ಟು ಅಂದದ ಕಿಂಡಿಯೂ ಆ ತಪ್ಪನ್ನು ಸರಿಪಡಿಸಲಾರದು. ಕಣ್ಣು ಒಣಗಿದ್ದರೆ ಮೊದಲು ಅದಕ್ಕೆ ಔಷಧಿ ಹಾಕಿ, ಸುಧಾರಿಸಿದ ಮೇಲೆ ಮತ್ತೆ ಅಳೆಸುತ್ತೇನೆ. ಎರಡು ಕಣ್ಣುಗಳ ಲೆಕ್ಕ ಒಂದಕ್ಕೊಂದು ತಾಳೆಯಾಗದಿದ್ದರೆ ಇನ್ನೊಮ್ಮೆ ಅಳತೆ. ಸಕ್ಕರೆ ಕಾಯಿಲೆಯವರಾದರೆ ಆಪರೇಷನ್ ದಿನ ಗೊತ್ತುಮಾಡುವ ಮೊದಲು ರೆಟಿನಾ ಪರೀಕ್ಷೆ ಆಗಲೇಬೇಕು. ಅಲ್ಲಿ ನೀರು ತುಂಬಿದ್ದರೆ ಮೊದಲು ಅದರ ಚಿಕಿತ್ಸೆ, ಪೊರೆ ಆಮೇಲೆ.