ಒಣದ್ರಾಕ್ಷಿಯ ಲೆಕ್ಕದಿಂದ ಆರಿಸಿಕೊಂಡ ಭಾಷೆ

ಪ್ರೋಗ್ರಾಮಿಂಗ್ ಕಲಿಯಲು ಹೊರಟಾಗ ಸಲಹೆಗಳಿಗೇನೂ ಬರವಿರಲಿಲ್ಲ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪದವಿ ಪಡೆದ ಸಂಬಂಧಿಕರೊಬ್ಬರು ‘ಮೊದಲು ಸಿ ಕಲಿ, ಬುನಾದಿ ಗಟ್ಟಿಯಾಗುತ್ತದೆ’ ಎಂದರು. ವೆಬ್‌ಸೈಟ್ ಮಾಡಿಕೊಡುವ ಗೆಳೆಯ ಜಾವಾಸ್ಕ್ರಿಪ್ಟ್ ಎಂದ. ಇಬ್ಬರ ಮಾತಿನಲ್ಲೂ ಹುರುಳಿತ್ತು. ಆದರೆ ನಾನು ನೌಕರಿಗಾಗಿ ಕಲಿಯುತ್ತಿರಲಿಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ನಮ್ಮದು ದ್ರಾಕ್ಷಿ ತೋಟ. ಒಣದ್ರಾಕ್ಷಿಯ ಲೆಕ್ಕವನ್ನು ಕಂಪ್ಯೂಟರ್‌ಗೆ ಒಪ್ಪಿಸುವುದಷ್ಟೇ ನನ್ನ ಉದ್ದೇಶ. ಹಾಗಾಗಿ ಒಂದೇ ಲೆಕ್ಕವನ್ನು ಸಿ, ಜಾವಾಸ್ಕ್ರಿಪ್ಟ್, ಪೈಥಾನ್ ಎಂಬ ಮೂರು ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಬರೆದು ನೋಡಿದೆ.

ಲೆಕ್ಕ ಸರಳ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. 950 ಕಿಲೋ ಹಸಿ ಮಾಲು ಶೆಡ್ಡಿಗೆ ಹೋಗಿ 240 ಕಿಲೋ ಹೊರಬಂದರೆ ಅನುಪಾತ ಎಷ್ಟು?

ಸಿ ಭಾಷೆಯಲ್ಲಿ ಎರಡನ್ನೂ ಪೂರ್ಣಾಂಕವಾಗಿ ಕೊಟ್ಟು ಭಾಗಿಸಿದರೆ ಉತ್ತರ 3. ಶೇಷವನ್ನು ಅದು ಕೈಬಿಡುತ್ತದೆ. ಇದು ಸಿ ಭಾಷೆಯ ದೋಷವಲ್ಲ, ನಿಯಮ. 1970ರ ದಶಕದ ಆರಂಭದಲ್ಲಿ ಡೆನ್ನಿಸ್ ರಿಚಿ ಅದನ್ನು ರೂಪಿಸಿದ್ದು ಯಂತ್ರಕ್ಕೆ ಹತ್ತಿರವಾಗಿ ಕೆಲಸ ಮಾಡಬೇಕೆಂದು. ಪೈಥಾನ್ 3ರಲ್ಲಿ ಅದೇ ಭಾಗಾಕಾರ 3.958 ಎಂದು ತೋರಿಸಿತು. ಜಾವಾಸ್ಕ್ರಿಪ್ಟ್ ಕೂಡ ಅಷ್ಟೇ ಹೇಳಿತು. ಒಣಗಿಸುವವರೊಂದಿಗೆ ಹಣದ ವ್ಯವಹಾರ ಇರುವಾಗ ಮೂರಕ್ಕೂ ಸುಮಾರು ನಾಲ್ಕಕ್ಕೂ ಇರುವ ಅಂತರ ಸಣ್ಣದಲ್ಲ.

ನನ್ನ ಮನಸ್ಸು ಪೂರ್ತಿ ಪೈಥಾನ್ ಕಡೆ ವಾಲಿದ್ದು ಕನ್ನಡದಿಂದ. ಚರಗಳಿಗೆ, ಅಂದರೆ ಲೆಕ್ಕದ ಅಂಕಿಗಳನ್ನು ಹಿಡಿದಿಡುವ ಜಾಗಗಳಿಗೆ, ಕನ್ನಡದಲ್ಲೇ ಹೆಸರಿಡಬಹುದು: ಹಸಿ = 950, ಒಣ = 240 ಎಂದು ಬರೆದು, ಹಸಿ / ಒಣ ಎಂದರೆ ಸಾಕು. ಜಾವಾಸ್ಕ್ರಿಪ್ಟ್‌ನಲ್ಲೂ ಇದು ಸಾಧ್ಯ. ಆದರೆ ಅಪ್ಪನ ವಹಿಯಲ್ಲಿ ಅಂಕಿಗಳೆಲ್ಲ ಕನ್ನಡದವು, ಅವರು ಟೈಪ್ ಮಾಡುವುದೂ ಹಾಗೆಯೇ. ‘೨೪೦’ ಎಂಬ ಪಠ್ಯವನ್ನು ಪೂರ್ಣಾಂಕವಾಗಿಸಲು ಪೈಥಾನ್‌ನ ಇಂಟ್ ಎಂಬ ಆದೇಶಕ್ಕೆ ಕೊಟ್ಟೆ. ನೇರವಾಗಿ 240 ಎಂದು ಓದಿಕೊಂಡಿತು! ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದೇ ಒಪ್ಪಲಿಲ್ಲ. ಅಂದು ನನಗಾದ ಸಂತೋಷ ಇಷ್ಟಿಷ್ಟಲ್ಲ.

ಕನ್ನಡದಲ್ಲಿ ಎಲ್ಲವೂ ಸಲೀಸು ಎಂದು ಹೇಳಲಾರೆ. ‘ವಿಜಯಪುರ’ ಎಂಬ ಪದದ ಉದ್ದ ಕೇಳಿದರೆ ಪೈಥಾನ್ 7 ಎನ್ನುತ್ತದೆ. ನಮ್ಮ ಕಣ್ಣಿಗೆ ಐದೇ ಅಕ್ಷರ, ಆದರೆ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸಲು ಬಳಸುವ ಯೂನಿಕೋಡ್ ಪದ್ಧತಿಯಲ್ಲಿ ಗುಡಿಸು, ಕೊಂಬುಗಳಿಗೂ ಪ್ರತ್ಯೇಕ ಸಂಕೇತ. ಅದರಿಂದಾಗಿ ಪಟ್ಟಿಯಲ್ಲಿ ಊರಿನ ಹೆಸರುಗಳು ಸಾಲಾಗಿ ನಿಲ್ಲುವುದಿಲ್ಲ. ದೋಷ ಸಂದೇಶಗಳೂ ಇಂಗ್ಲಿಷಿನಲ್ಲೇ ಬರುತ್ತವೆ. ನಾನು ಕೊನೆಯ ಸಾಲನ್ನು ಮೊದಲು ಓದುತ್ತೇನೆ, ಏನು ತಪ್ಪಾಗಿದೆ ಎಂಬುದು ಅಲ್ಲಿರುತ್ತದೆ. ಎಷ್ಟನೆಯ ಸಾಲಿನಲ್ಲಿ ಎಂಬುದು ಅದರ ಮೇಲಿರುತ್ತದೆ.

ಅಭ್ಯಾಸಕ್ಕೆ ಪೈಥಾನ್ ಜೊತೆಗೇ ಬರುವ, ಪ್ರೋಗ್ರಾಂ ಬರೆದು ಓಡಿಸುವ ಐಡಲ್ ಎಂಬ ತಂತ್ರಾಂಶ ಸಾಕಾಯಿತು. ಇಂಜಿನಿಯರಿಂಗ್ ಸೇರಲಿರುವವರಿಗೆ ಸಿ ಹೇಗೂ ಎದುರಾಗಬಹುದು, ಅವರು ಅದರಿಂದಲೇ ಆರಂಭಿಸಿದರೂ ನಷ್ಟವಿಲ್ಲ. ಬ್ರೌಸರ್‌ನಲ್ಲಿ ಪುಟ ಮಾಡುವ ಆಸೆಯಿದ್ದವರು ಜಾವಾಸ್ಕ್ರಿಪ್ಟ್ ಹಿಡಿಯಲಿ. ಮನೆಯ ಲೆಕ್ಕ, ಅಂಗಡಿಯ ದಾಸ್ತಾನು, ಹೊಲದ ಖರ್ಚು ಕೈಯಲ್ಲಿಟ್ಟುಕೊಂಡು ಬರುವವರಿಗೆ ನಾನು ಹೇಳುವುದು ಪೈಥಾನ್ ಎಂದೇ. ನಾನಂತೂ ಈಗ ಸಿ ಕೂಡ ಕಲಿಯುತ್ತಿದ್ದೇನೆ. ಆ ಭಾಗಾಕಾರದಲ್ಲಿ ಶೇಷ ಏಕೆ ಉಳಿಯಲಿಲ್ಲ ಎಂಬುದನ್ನು ಬುಡದಿಂದ ತಿಳಿಯಬೇಕಾಗಿದೆ.